ಅಪ್ಪನ ಸ್ವೆಟರ್ ಮುಗಿಸಿದ್ದು, ಉಳಿದ ಉಣ್ಣೆಗೆ ಮಗ್ಗ ಕಟ್ಟಿದ್ದು

ನವೆಂಬರ್ ಕೊನೆಯಲ್ಲಿ ಅಟ್ಟದಿಂದ ಟ್ರಂಕ್ ಇಳಿಸಿದಾಗ ಸಿಕ್ಕಿದ್ದು ಇಷ್ಟು: ಬೆನ್ನಿನ ಭಾಗ ಪೂರ್ತಿ, ಎದೆಯ ಭಾಗ ಪೂರ್ತಿ, ಬಲತೋಳು ಪೂರ್ತಿ, ಎಡತೋಳು ಮೊಣಕೈವರೆಗೆ. ಎಡತೋಳಿನ ಕುಣಿಕೆಗಳು ಎರಡು ವರ್ಷದಿಂದ ಕಡ್ಡಿಯ ಮೇಲೇ ಕೂತಿದ್ದವು. ಜೊತೆಗೆ ಬಿಚ್ಚದ ಐದು ಉಂಡೆ ಉಣ್ಣೆ, ಡೈರಿಯಿಂದ ಹರಿದ ಒಂದು ಹಾಳೆ, ಒಣಗಿ ಪುಡಿಯಾದ ಬೇವಿನ ಎಲೆ.

ಸ್ವೆಟರ್ ಅಪ್ಪನಿಗೆ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಅಪ್ಪ ಬೆಳಿಗ್ಗೆ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಾರೆ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಕೆರೆ ಏರಿಯ ಮೇಲೆ ಮಂಜು, ನೀರಿನ ಕಡೆಯಿಂದ ಬೀಸುವ ತಣ್ಣನೆ ಗಾಳಿ. ಎರಡು ವರ್ಷದ ಹಿಂದೆ ಅವರೇ ಬಾಯಿಬಿಟ್ಟು ಕೇಳಿದ್ದರು, "ನಂಗೊಂದು ಸ್ವೆಟರ್ ಹಾಕ್ಕೊಡಮ್ಮ" ಅಂತ. ಮುಕ್ಕಾಲು ಭಾಗ ಮುಗಿದಾಗ ಅವರು ಕಾಯಿಲೆ ಬಿದ್ದರು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಉಣ್ಣೆ ಟ್ರಂಕ್ ಸೇರಿತು. ಈ ವರ್ಷ ದಸರಾ ಕಳೆದ ಮೇಲೆ ಅವರು ಮತ್ತೆ ಕೆರೆಗೆ ಹೋಗಲು ಶುರು ಮಾಡಿದರು. ಟ್ರಂಕ್ ಇಳಿಸಲು ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಡೈರಿ ಹಾಳೆ ಸಿಕ್ಕಿದ್ದು ಪುಣ್ಯ. ಅದರಲ್ಲಿ ನನ್ನ ಕೈಬರಹದಲ್ಲೇ ಹೀಗಿತ್ತು: "ಎದೆ 38, ಸಡಿಲ 4, ಒಟ್ಟು 42 ಇಂಚು. 4 ಇಂಚಿಗೆ 22 ಕುಣಿಕೆ, 28 ಸಾಲು. ಕಡ್ಡಿ 8, ಬಾರ್ಡರಿಗೆ 10." ಲೆಕ್ಕ ಸರಳ. ಇಂಚಿಗೆ ಐದೂವರೆ ಕುಣಿಕೆಯಾದರೆ 42 ಇಂಚಿಗೆ 231. ಅರ್ಧ ಮಾಡಿದರೆ ಒಂದು ಭಾಗಕ್ಕೆ 116, ಎರಡು ಪಕ್ಕದ ಹೊಲಿಗೆಗೆ ಒಂದೊಂದು ಸೇರಿಸಿ 118. ಹೊಸದಾಗಿ ಕಲಿಯುವವರಿಗೆ ಒಂದು ಮಾತು: ನಮ್ಮ ಅಂಗಡಿಗಳಲ್ಲಿ ಸಿಗುವ ಹಳೇ ನಂಬರಿನ ಕಡ್ಡಿಗಳಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿಲಿಮೀಟರ್, 10 ನಂಬರ್ ಅಂದರೆ 3.25. ಇಂಟರ್‌ನೆಟ್‌ನಲ್ಲಿ ಸಿಗುವ ಮಾದರಿಗಳಲ್ಲಿ ಬರೀ ಮಿಲಿಮೀಟರ್ ಇರುತ್ತೆ. ಎರಡನ್ನೂ ಒಂದೇ ಅಂದುಕೊಂಡು ಕೂತರೆ ಮಗುವಿನ ಸ್ವೆಟರ್ ದೊಡ್ಡವರದ್ದಾಗುತ್ತೆ.

ಅಳತೆ ಪಟ್ಟಿ ಹಿಡಿದು ಅಪ್ಪನ ಎದೆ ಮತ್ತೆ ಅಳೆದೆ. 36 ಬಂತು. ಅಪ್ಪ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎರಡೂ ಭಾಗ ಬಿಚ್ಚಿ ಮತ್ತೆ ಹೆಣೆದರೆ ಚಳಿಗಾಲವೇ ಮುಗಿದಿರುತ್ತೆ. ಒಳಗೆ ಬನಿಯನ್, ಶರ್ಟು ಹಾಕಿಯೇ ಅವರು ಹೊರಡುವುದರಿಂದ ಸ್ವಲ್ಪ ಸಡಿಲ ಇದ್ದರೆ ತೊಂದರೆಯಿಲ್ಲ. ಪಕ್ಕದ ಹೊಲಿಗೆಯಲ್ಲಿ ಒಂದರ ಬದಲು ಎರಡೆರಡು ಕುಣಿಕೆ ಒಳಗೆ ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದೆ. ನಾಲ್ಕು ಅಂಚಿನಲ್ಲಿ ನಾಲ್ಕು ಕುಣಿಕೆ ಹೆಚ್ಚಿಗೆ ಒಳಹೋದರೆ ಮುಕ್ಕಾಲು ಇಂಚು ಕಡಿಮೆಯಾಗುತ್ತೆ. ಅದಕ್ಕಿಂತ ಹೆಚ್ಚು ಹಿಡಿದರೆ ಹೊಲಿಗೆ ದಪ್ಪವಾಗಿ ಕಂಕುಳಲ್ಲಿ ಒತ್ತುತ್ತೆ.

ಎಡತೋಳು ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿದೆ. ಅದೇ ಉಣ್ಣೆ, ಅದೇ 8 ನಂಬರ್ ಕಡ್ಡಿ. ನಾಲ್ಕು ರಾತ್ರಿ ಕೂತು 60 ಸಾಲು ಮುಗಿಸಿ ಬಲತೋಳಿನ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಇಂಚು ಗಿಡ್ಡ. ಸಾಲು ಎಣಿಸಿದರೆ ಸಮ. ಹಳೆಯದರಲ್ಲಿ ಇಂಚಿಗೆ ಏಳು ಸಾಲು, ಹೊಸದರಲ್ಲಿ ಎಂಟು. ಉಣ್ಣೆಯದಾಗಲಿ ಕಡ್ಡಿಯದಾಗಲಿ ತಪ್ಪಲ್ಲ, ಕೈ ಬದಲಾಗಿತ್ತು. ಎರಡು ವರ್ಷದ ಹಿಂದೆ ದಿನಾ ರಾತ್ರಿ ಹೆಣೆಯುತ್ತಿದ್ದಾಗ ಎಳೆ ಬೆರಳಿನ ಮೇಲೆ ತಾನಾಗಿ ಹರಿಯುತ್ತಿತ್ತು. ಈಗ ಬೇಗ ಮುಗಿಸಬೇಕೆಂಬ ಆತುರದಲ್ಲಿ ಬಿಗಿಯಾಗಿ ಎಳೆಯುತ್ತಿದ್ದೆ. ಎದೆ ಗಟ್ಟಿ ಮಾಡಿಕೊಂಡು 60 ಸಾಲೂ ಬಿಚ್ಚಿದೆ.

ಬಿಚ್ಚಿದ ಉಣ್ಣೆ ಶಾವಿಗೆಯಂತೆ ಗುಂಗುರು ಗುಂಗುರಾಗಿರುತ್ತೆ. ಹಾಗೇ ಮತ್ತೆ ಹೆಣೆದರೆ ಕುಣಿಕೆಗಳು ಒಂದೊಂದು ಒಂದೊಂದು ಥರ ಬರುತ್ತವೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ಅದ್ದಿ, ಕೆಳಗೆ ಒಂದು ಸ್ಟೀಲ್ ಸೌಟು ನೇತುಹಾಕಿ ಒಣಗಿಸಿದೆ. ಮಾರನೇ ದಿನ ಎಳೆ ನೆಟ್ಟಗಾಗಿತ್ತು. ಈ ಸಲ ಒಂದು ನಂಬರ್ ದಪ್ಪದ ಕಡ್ಡಿ, ಅಂದರೆ 7 ನಂಬರ್ ತೆಗೆದುಕೊಂಡೆ. ಹತ್ತು ಸಾಲಿಗೊಮ್ಮೆ ಬಲತೋಳಿನ ಮೇಲಿಟ್ಟು ನೋಡಿದೆ. ಎರಡು ತೋಳೂ ಒಂದೇ ಉದ್ದ ಬಂದವು.

ಬೆನ್ನಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಇನ್ನೊಂದು ಸಂಗತಿ ಕಂಡಿತು. ಬಲ ಹೆಗಲಿನ ಕೆಳಗೆ ಹುಳು ಹೊಡೆದಿತ್ತು. ಎರಡು ಕುಣಿಕೆ ತುಂಡಾಗಿ, ಕೆಳಗೆ ಮೂರು ಸಾಲು ಏಣಿಯ ಹಾಗೆ ಜಾರಿತ್ತು. ಬೇವಿನ ಎಲೆಯನ್ನು ಪ್ರತಿ ವರ್ಷ ಬದಲಾಯಿಸಬೇಕಿತ್ತು, ನಾನು ಬದಲಾಯಿಸಿರಲಿಲ್ಲ. ಮೊದಲು ಜಾರಿದ ಕುಣಿಕೆಗಳನ್ನು ಬೇರೆ ಬಣ್ಣದ ಹತ್ತಿ ದಾರದಲ್ಲಿ ಪೋಣಿಸಿ ನಿಲ್ಲಿಸಿದೆ. ಕ್ರೋಶಾ ಕಡ್ಡಿಯಿಂದ ಏಣಿಯ ಒಂದೊಂದೇ ಮೆಟ್ಟಿಲು ಎತ್ತಿ ಕುಣಿಕೆಯೊಳಗೆ ತೂರಿಸಿ ಮೇಲಕ್ಕೆ ತಂದೆ. ಕೊನೆಗೆ ತುಂಡಾದ ಜಾಗದಲ್ಲಿ, ಮೇಲಿನ ಮತ್ತು ಕೆಳಗಿನ ಕುಣಿಕೆಗಳ ನಡುವೆ ಸೂಜಿಯಲ್ಲಿ ಎಳೆ ಓಡಿಸಿ ಒಂದು ಹೊಸ ಸಾಲನ್ನೇ ಬಿಡಿಸಿದೆ. ಇದಕ್ಕೆ ಅವಸರ ಸಲ್ಲ. ಎಳೆಯನ್ನು ಪಕ್ಕದ ಕುಣಿಕೆಯಷ್ಟೇ ಸಡಿಲ ಬಿಡಬೇಕು. ಈಗ ಆ ಜಾಗ ಎಲ್ಲಿತ್ತೆಂದು ನನಗೇ ಹುಡುಕಬೇಕು.

ಉಣ್ಣೆ ನಿಜವಾದದ್ದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡಿದ್ದೂ ಆವತ್ತೇ. ನಾವು 'ಉಲ್ಲನ್' ಎಂದು ಕೊಳ್ಳುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಒಂದು ತುಂಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ತಿಳಿಯುತ್ತೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತೆ. ನನ್ನದು ಶಿವರಾಂಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ತಂದ ಮೆರಿನೊ ಕುರಿಯ ಉಣ್ಣೆ, ಬೂದಿಯಾಯಿತು. ಇದು ಯಾಕೆ ಮುಖ್ಯ ಅಂದರೆ, ಹೆಣೆದ ಭಾಗಗಳನ್ನು ನೆನೆಸಿ ಅಳತೆಗೆ ಕೂರಿಸುವ ಉಪಾಯ ಉಣ್ಣೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತೆ.

ಹೊಸ ಸ್ವೆಟರ್ ಬರುವವರೆಗೆ ಅಪ್ಪ ಹಳೆಯದೊಂದನ್ನು ಹಾಕಿಕೊಳ್ಳುತ್ತಿದ್ದರು. ಅದರ ಮೊಣಕೈಯಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು. ಒಂದು ಸಂಜೆ ಅದನ್ನು ಮುಚ್ಚಲು ಕೂತಿದ್ದೆ. ತೂತಿನ ಕೆಳಗೆ ನುಣ್ಣಗೆ ಉಜ್ಜಿದ ತೆಂಗಿನ ಕರಟ. ಅದಕ್ಕಾಗಿಯೇ ಮಾರುವ, ಅಣಬೆ ಆಕಾರದ ಮರದ ಅಚ್ಚಿಗಿಂತ ಕರಟ ನನಗೆ ಇಷ್ಟ, ಕೈಯಲ್ಲಿ ಚೆನ್ನಾಗಿ ಕೂರುತ್ತೆ. ಮೊದಲು ಉದ್ದುದ್ದ ಎಳೆಗಳನ್ನು ಒತ್ತೊತ್ತಾಗಿ ಹಾಕಿಕೊಂಡೆ. ಆಮೇಲೆ ಅಡ್ಡಡ್ಡ, ಒಂದರ ಮೇಲೆ, ಒಂದರ ಕೆಳಗೆ. ಆ ಹೊತ್ತಿಗೆ ಕಾಲೇಜಿನಲ್ಲಿ ಗಣಿತ ಹೇಳುವ ಗೆಳತಿ ಬಂದಳು. ಕಾಫಿ ಲೋಟ ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದಳು.

"ನೀನೀಗ ಮಾಡ್ತಿರೋದು ಹೆಣಿಗೆ ಅಲ್ಲ ಕಣೇ. ನೇಯ್ಗೆ."

ಹೌದಲ್ಲ ಅನ್ನಿಸಿತು. ಎಷ್ಟೋ ವರ್ಷದಿಂದ ತೂತು ಮುಚ್ಚುತ್ತಿದ್ದೇನೆ, ಅದನ್ನು ಆ ಕಣ್ಣಿಂದ ನೋಡಿರಲಿಲ್ಲ. ನಮ್ಮ ಭಾಷೆ ಈ ಎರಡು ಕೆಲಸವನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಸೀರೆ ನೇಯುತ್ತೇವೆ. ಹೆಣಿಗೆಯ ಸ್ವೆಟರ್‌ನಲ್ಲಿ ಒಂದೇ ಎಳೆ ತನ್ನ ಕುಣಿಕೆಯೊಳಗೆ ತಾನೇ ಹಾಯ್ದು ಬಟ್ಟೆಯಾಗುತ್ತೆ. ಅದಕ್ಕೇ ಅದು ಹಿಗ್ಗುತ್ತೆ, ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ನೇಯ್ಗೆಯಲ್ಲಿ ಎರಡು. ಬಿಗಿಯಾಗಿ ನಿಂತ ಹಾಸು, ಅದರ ನಡುವೆ ಓಡಾಡುವ ಹೊಕ್ಕು. ಮಾತಿನಲ್ಲಿ ದಿನಕ್ಕೆ ಹತ್ತು ಸಲ 'ಹಾಸುಹೊಕ್ಕು' ಅನ್ನುವ ನಾವು ಹಾಸು ಯಾವುದು, ಹೊಕ್ಕು ಯಾವುದು ಎಂದು ಬಟ್ಟೆ ಮುಟ್ಟಿ ತೋರಿಸಲಾರೆವು. ಗೆಳತಿ ಹೋಗುವಾಗ ಕೇಳಿದಳು, "ನಂಗೂ ಕಲಿಸ್ತೀಯಾ? ಇದನ್ನೇ, ದೊಡ್ಡದಾಗಿ." ಮೊದಲು ಸ್ವೆಟರ್ ಮುಗಿಯಲಿ ಎಂದೆ.

ಮುಗಿಸುವ ಕೆಲಸ ಅಂದರೆ ಹೆಣೆಯುವುದರ ಬಾಲ ಎಂದು ತಿಳಿದವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ಚೆನ್ನಾಗಿ ಹೆಣೆದ ಭಾಗಗಳನ್ನು ಒರಟಾಗಿ ಜೋಡಿಸಿದರೆ ಆ ಸ್ವೆಟರ್ ಬೀರುವಿನಲ್ಲೇ ಉಳಿಯುತ್ತೆ. ನಾನು ಇದಕ್ಕೆಂದೇ ಒಂಬತ್ತು ದಿನ ಇಟ್ಟುಕೊಂಡೆ.

ಮೊದಲು ನೆನೆಸುವುದು. ಅಂಟುವಾಳ ಕಾಯಿ ನೆನೆಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕೂ ಭಾಗಗಳನ್ನು ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ. ಉಜ್ಜಬಾರದು, ಹಿಂಡಬಾರದು, ಬಿಸಿ ನೀರಿನಿಂದ ತಣ್ಣೀರಿಗೆ ಹಾಕಬಾರದು. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿಗೆ, ತಿಕ್ಕಾಟಕ್ಕೆ ಅವು ಒಂದಕ್ಕೊಂದು ಕಚ್ಚಿಕೊಂಡರೆ ಬಟ್ಟೆ ಕುಗ್ಗಿ ಕಂಬಳಿಯಂತಾಗುತ್ತೆ, ಮತ್ತೆ ಬಿಡುವುದಿಲ್ಲ. ನೀರಿಂದ ಎತ್ತುವಾಗ ಎರಡೂ ಅಂಗೈಯಲ್ಲಿ ಎತ್ತಬೇಕು. ಭಾರಕ್ಕೆ ಜೋತುಬಿದ್ದರೆ ಉದ್ದವಾಗುತ್ತೆ. ದಪ್ಪ ಟವೆಲ್‌ನಲ್ಲಿ ಸುರುಳಿ ಸುತ್ತಿ ಮೇಲೆ ಬರಿಗಾಲಲ್ಲಿ ನಿಂತೆ. ನೀರೆಲ್ಲ ಟವೆಲ್‌ಗೆ ಹೋಯಿತು.

ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ಎರಡು ಪದರ ಬೆಡ್‌ಶೀಟ್. ಅದರ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಗುರುತು ಹಾಕಿ, ಭಾಗಗಳನ್ನು ಹರಡಿ, ಇಂಚಿಗೊಂದರಂತೆ ಗುಂಡುಪಿನ್ನು ಚುಚ್ಚಿದೆ. ತುಕ್ಕು ಹಿಡಿಯದ ಪಿನ್ನೇ ಬೇಕು. ಬಾರ್ಡರನ್ನು ಮಾತ್ರ ಎಳೆದು ಚುಚ್ಚಲಿಲ್ಲ, ಎಳೆದರೆ ಅದರ ಹಿಡಿತ ಹೋಗುತ್ತೆ. ಫ್ಯಾನ್ ಒಂದರಲ್ಲಿಟ್ಟು ಎರಡು ದಿನ ಬಿಟ್ಟೆವು. ಆ ಎರಡು ದಿನ ಅಪ್ಪ ಗೋಡೆಯ ಪಕ್ಕದಲ್ಲೇ ನಡೆದು ಅಡುಗೆಮನೆಗೆ ಹೋಗಿ ಬಂದರು. ಮುದುರಿಕೊಂಡಿದ್ದ ಅಂಚುಗಳು ಒಣಗಿದ ಮೇಲೆ ಕಾಗದದ ಹಾಗೆ ಚಪ್ಪಟೆಯಾಗಿ ಕೂತಿದ್ದವು.

ಜೋಡಣೆಯ ಕ್ರಮ: ಭುಜ, ಕುತ್ತಿಗೆ ಪಟ್ಟಿ, ತೋಳು, ಕೊನೆಗೆ ಪಕ್ಕ. ಭುಜಕ್ಕೆ ಇಡೀ ಸ್ವೆಟರ್‌ನ ಭಾರ ಬೀಳುವುದರಿಂದ ಅಲ್ಲಿ ಹಿಂದೆಹೊಲಿಗೆ ಹಾಕಿದೆ. ಪಕ್ಕಕ್ಕೆ ಮಾತ್ರ ಬೇರೆ ಥರ. ಎರಡು ಅಂಚನ್ನೂ ಪಕ್ಕಪಕ್ಕ, ಸೀದಾ ಮುಖ ಮೇಲೆ ಬರುವಂತೆ ಇಟ್ಟುಕೊಂಡು, ಅಂಚಿನಿಂದ ಎರಡನೇ ಕುಣಿಕೆಯ ಆಚೆ ಸ್ವಲ್ಪ ಅಗಲಿಸಿದರೆ ಏಣಿಯ ಮೆಟ್ಟಿಲಿನಂಥ ಅಡ್ಡ ಎಳೆಗಳು ಕಾಣುತ್ತವೆ. ಸೂಜಿ ಈ ಕಡೆಯ ಒಂದು ಮೆಟ್ಟಿಲು, ಆ ಕಡೆಯ ಒಂದು ಮೆಟ್ಟಿಲು ಹಿಡಿಯುತ್ತ ಮೇಲೇರುತ್ತೆ. ಎರಡು ಇಂಚು ಸಡಿಲವಾಗಿ ಹೊಲಿದು ಆಮೇಲೆ ಎಳೆಯನ್ನು ಮೆಲ್ಲಗೆ ಎಳೆದಾಗ ಎರಡೂ ಅಂಚು ಬಾಯಿ ಮುಚ್ಚಿಕೊಂಡಂತೆ ಒಂದಾಗುತ್ತವೆ, ಹೊಲಿಗೆ ಮಾಯವಾಗುತ್ತೆ. ನನಗೆ ಹೆಣಿಗೆಯಲ್ಲಿ ಇಷ್ಟು ಸಂತೋಷ ಕೊಡುವ ಕ್ಷಣ ಬೇರೆ ಇಲ್ಲ.

ಕುತ್ತಿಗೆ ಪಟ್ಟಿ ಮೊದಲ ಸಲ ಕೈಕೊಟ್ಟಿತು. ಕುತ್ತಿಗೆಯ ಸುತ್ತ 96 ಕುಣಿಕೆ ಎತ್ತಿಕೊಂಡು 10 ನಂಬರಿನಲ್ಲಿ ಒಂದು ಇಂಚು ಬಾರ್ಡರ್ ಹಾಕಿ ಮುಚ್ಚಿದೆ. ಅಪ್ಪ ತಲೆ ತೂರಿಸಿದರು, ಕಿವಿಯ ಹತ್ತಿರ ನಿಂತಿತು. ಬಾರ್ಡರ್ ಹಿಗ್ಗುತ್ತಿತ್ತು, ಮುಚ್ಚಿದ ಕೊನೆಯ ಸಾಲು ಹಿಗ್ಗುತ್ತಿರಲಿಲ್ಲ. ಆ ಒಂದು ಸಾಲು ಬಿಚ್ಚಿ, 7 ನಂಬರ್ ಕಡ್ಡಿಯಲ್ಲಿ ಸಡಿಲವಾಗಿ ಮತ್ತೆ ಮುಚ್ಚಿದೆ. ಅಪ್ಪನ ತಲೆಯ ಸುತ್ತಳತೆ 22 ಇಂಚು, ಪಟ್ಟಿ 24ರವರೆಗೆ ಹಿಗ್ಗಿತು. ಸಾಕು. ಬಾಲದ ಎಳೆಗಳು ಎಣಿಸಿದರೆ 41. ಒಂದೊಂದನ್ನೂ ಒಳಮುಖದಲ್ಲಿ ಒಂದು ದಿಕ್ಕಿಗೆ ಎರಡು ಇಂಚು, ತಿರುಗಿಸಿ ಇನ್ನೊಂದು ಇಂಚು ಓಡಿಸಿ ಕತ್ತರಿಸಿದೆ. ಗಂಟು ಹಾಕಲಿಲ್ಲ, ಗಂಟು ಇವತ್ತಲ್ಲ ನಾಳೆ ಮುಖದ ಕಡೆ ಇಣುಕುತ್ತೆ. ಡಿಸೆಂಬರ್ 14ರ ಬೆಳಿಗ್ಗೆ ಅಪ್ಪ ಅದನ್ನು ಹಾಕಿಕೊಂಡು ಕೆರೆಗೆ ಹೋದರು. ವಾಪಸ್ ಬಂದು, "ಕತ್ತಿನ ಹತ್ರ ಚುಚ್ಚಲ್ಲ ಕಣಮ್ಮ, ಮೆತ್ತಗಿದೆ" ಎಂದರು. ಉಣ್ಣೆ 11 ಉಂಡೆ ಹಿಡಿದಿತ್ತು. 50 ಗ್ರಾಮಿನ 3 ಉಂಡೆ ಉಳಿದವು.

ಆ ಮೂರು ಉಂಡೆಯೇ ಮಗ್ಗಕ್ಕೆ ಕಾರಣ. ಗಣಿತದ ಗೆಳತಿ ಬಿಡಲಿಲ್ಲ. ಪಕ್ಕದ ಬೀದಿಯಲ್ಲಿ ಮೆಡಿಕಲ್ ಶಾಪ್ ನಡೆಸುವವಳು ಸೇರಿಕೊಂಡಳು. ಮಂಡ್ಯದಿಂದ ಇನ್ನೊಬ್ಬಳು, ನನ್ನ ಜೊತೆ ಓದಿದವಳು, ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ ಎಂದಳು. ನನಗೆ ನೇಯ್ಗೆ ಗೊತ್ತಿದ್ದದ್ದು ಒಂದು ಮೂಲೆ ಅಷ್ಟೇ. ಹಿಂದೊಮ್ಮೆ ರಜೆಯಲ್ಲಿ ಚೌಕಟ್ಟಿನ ಮಗ್ಗದಲ್ಲಿ ಎರಡು ಚೀಲ ನೇಯ್ದಿದ್ದೆ. ಗೊತ್ತಿರುವಷ್ಟನ್ನು ಕೊಡೋಣ ಎಂದುಕೊಂಡೆ.

ಮಗ್ಗ ಮಾಡಿದವರು ಅಪ್ಪ. ಕೆಲಸದಲ್ಲಿದ್ದಷ್ಟು ಕಾಲ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡವರು. ಕಾಯಿಲೆಯ ನಂತರ ಸುತ್ತಿಗೆ ಮುಟ್ಟಿರಲಿಲ್ಲ. ಟಿಂಬರ್ ಡಿಪೋದಿಂದ ಎರಡು ಇಂಚು ಅಗಲದ ರೀಪರ್ ತರಿಸಿ, 20 ಇಂಚು ಉದ್ದ, 16 ಇಂಚು ಅಗಲದ ನಾಲ್ಕು ಚೌಕಟ್ಟು ಮಾಡಿದರು. ಮೊದಲನೆಯದಕ್ಕೆ ನಾನು ಹೇಳಿದಂತೆ ಅರ್ಧ ಇಂಚಿಗೊಂದು ಮೊಳೆ ಹೊಡೆದರು. ಅದರಲ್ಲಿ ನೇಯ್ದು ನೋಡಿದರೆ ಬಟ್ಟೆ ಮೀನಿನ ಬಲೆಯಂತೆ ಬಂತು. ಹಾಸಿನ ಎಳೆಗಳು ಇಂಚಿಗೆ ನಾಲ್ಕೇ ಆಗಿದ್ದವು, ಈ ಉಣ್ಣೆಗೆ ಸಾಲದು. ಸರಿಯಾದ ಲೆಕ್ಕ ಹೀಗಿದೆ: ನೇಯುವ ಎಳೆಯನ್ನು ಸ್ಕೇಲಿಗೆ ಒತ್ತೊತ್ತಾಗಿ, ಎಳೆದು ಬಿಗಿಯದೆ ಸುತ್ತಬೇಕು. ಒಂದು ಇಂಚಿಗೆ ಎಷ್ಟು ಸುತ್ತು ಬರುತ್ತದೋ ಅದರ ಅರ್ಧದಷ್ಟು ಹಾಸು. ಉಳಿದ ಅರ್ಧ ಜಾಗ ಹೊಕ್ಕಿಗೆ ಬೇಕಲ್ಲ. ನಮ್ಮ ಉಣ್ಣೆ 12 ಸುತ್ತು ಬಂತು, ಅಂದರೆ ಇಂಚಿಗೆ 6 ಹಾಸು. 12 ಇಂಚಿಗೆ 72 ಎಳೆ. ಒಂದು ಮೊಳೆಗೆ ಎರಡು ಎಳೆ ಬರುವುದರಿಂದ ಮೇಲೆ 36 ಮೊಳೆ, ಕೆಳಗೆ 36.

ಒಂದೇ ಗೆರೆಯಲ್ಲಿ ಅಷ್ಟು ಮೊಳೆ ಹೊಡೆದರೆ ರೀಪರ್ ಸೀಳುತ್ತೆ. ಅಪ್ಪ ಎರಡು ಗೆರೆ ಎಳೆದು, ಹಾವಿನ ನಡೆಯಂತೆ ಮೇಲೊಂದು ಕೆಳಗೊಂದು ಹೊಡೆದರು. ಪ್ರತಿ ಮೊಳೆಯನ್ನೂ ತುಸು ಹೊರಕ್ಕೆ ಓರೆ ಮಾಡಿದರು, ಹಾಸು ಬಿಗಿದಾಗ ಎಳೆ ಜಾರಿ ಬರಬಾರದೆಂದು. ಅದನ್ನು ನಾನು ಹೇಳಿರಲಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ತೆಳು ಹಲಗೆ ಸೀಳಿ, ಎರಡು ತುದಿಗೂ ಕಚ್ಚು ಕೊಟ್ಟು, ಉಪ್ಪುಕಾಗದ ಹಾಕಿ ಉಜ್ಜಿ, ಹೊಕ್ಕಿನ ಎಳೆ ಸುತ್ತಿಕೊಳ್ಳಲು ನಾಲ್ಕು ಲಾಳಿಯನ್ನೂ ಕೊಟ್ಟರು. ಮೂರು ದಿನ ಹಿತ್ತಲಿನಲ್ಲಿ ಸುತ್ತಿಗೆಯ ಸದ್ದು. ಹೊಸ ಸ್ವೆಟರ್‌ನ ತೋಳು ಮೇಲಕ್ಕೆ ಮಡಚಿಕೊಂಡು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ಕೂತಿದ್ದ ಅವರನ್ನು ನೋಡುತ್ತಾ ನಿಂತಿದ್ದೆ.

ಮೊದಲ ಭಾನುವಾರ ಬರೀ ಹಾಸು ಹಾಕುವುದರಲ್ಲೇ ಮಧ್ಯಾಹ್ನವಾಯಿತು. ಮಂಡ್ಯದವಳು ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಕೈನೂಲಿನ ಎರಡು ಲಡಿ ತಂದಿದ್ದಳು. ಅಜ್ಜಿ ರಾಟೆಯಲ್ಲಿ ತಾವೇ ತೆಗೆದ ನೂಲಂತೆ. ಅದನ್ನೇ ಹಾಸು ಮಾಡಬೇಕೆಂದು ಆಸೆ. ಮೊಳೆಯಿಂದ ಮೊಳೆಗೆ ಸುತ್ತಿ ಬಿಗಿಯುವಷ್ಟರಲ್ಲಿ ಆರು ಎಳೆ ಪಟಪಟ ಹರಿದವು. ನಾಲ್ಕು ಸಾಲು ನೇಯುವಷ್ಟರಲ್ಲಿ ಉಳಿದವು ನವಿರೆದ್ದು ಒಂದಕ್ಕೊಂದು ಅಂಟಿಕೊಂಡವು. ಅವಳ ಮುಖ ಸಣ್ಣದಾಯಿತು. ಉಳಿದ ಮೂರು ಮಗ್ಗಕ್ಕೆ ಹೊಸೆದ ಹತ್ತಿ ಹುರಿ ಹಾಕಿದ್ದೆವು, ಅವು ಜಗ್ಗಲಿಲ್ಲ.

ನೇಕಾರರು ಹಾಸಿನ ಎಳೆಗೆ ಗಂಜಿ ಹಾಕುವುದು ಯಾಕೆ ಎಂದು ನಮಗೆ ಅರ್ಥವಾಗಿದ್ದು ಆವಾಗ. ಹೊಕ್ಕಿನ ಎಳೆ ಸುಮ್ಮನೆ ಹೋಗಿ ಮಲಗುತ್ತೆ. ಹಾಸಿನ ಎಳೆ ಮಾತ್ರ ಬಿಗಿಯಾಗಿ ನಿಂತು, ಪ್ರತಿ ಸಾಲಿಗೂ ಮೇಲೆ ಕೆಳಗೆ ಆಡುತ್ತಾ, ಸಾಲು ಒತ್ತುವ ಹಣಿಗೆಯ ಹೊಡೆತ ತಿನ್ನುತ್ತಾ ಇರಬೇಕು. ಒಂಟಿ ಎಳೆಯ ಕೈನೂಲಿಗೆ ಅಷ್ಟು ತ್ರಾಣವಿಲ್ಲ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಲಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಬಟ್ಟೆ ಒಣಹಾಕುವ ತಂತಿಗೆ ಹಾಕಿದೆವು. ಅರ್ಧ ಒಣಗಿದಾಗ ಒಂದೊಂದು ಎಳೆಯನ್ನೂ ಬೇರೆ ಮಾಡುತ್ತಾ ಒದರಿದೆವು. ಪೂರ್ತಿ ಒಣಗಿಸಿ ಬಿಟ್ಟರೆ ಲಡಿಯೇ ಕೋಲಾಗುತ್ತೆ. ಎರಡನೇ ಭಾನುವಾರ ಅದೇ ನೂಲು ಹಾಸಾಗಿ ನಿಂತಿತು. 72ರಲ್ಲಿ ಹರಿದದ್ದು ಎರಡು.

ಎರಡು ಸಣ್ಣ ಉಪಾಯ ಬಹಳ ಉಪಕಾರ ಮಾಡಿದವು. ಹಾಸು ಸುತ್ತುವಾಗ ಚೌಕಟ್ಟಿನ ಒಂದು ತುದಿಯಲ್ಲಿ ಎಳೆಗಳ ಕೆಳಗೆ ಪೆನ್ಸಿಲಿನಷ್ಟು ದಪ್ಪದ ಕೋಲು ಸೇರಿಸಬೇಕು. ನೇಯುತ್ತಾ ಹೋದಂತೆ ಹಾಸು ಬಿಗಿಯುತ್ತೆ, ಅರ್ಧ ಮುಗಿದಾಗ ಕೋಲು ಎಳೆದರೆ ಮತ್ತೆ ಸಡಿಲ ಸಿಗುತ್ತೆ. ಎರಡನೆಯದು, ಮೊದಲ ಎಂಟು ಸಾಲು ಹಳೇ ಸೀರೆಯ ಪಟ್ಟಿಯಲ್ಲಿ ನೇಯ್ದುಬಿಡಬೇಕು. ಮೊಳೆಯ ಹತ್ತಿರ ಜೋಡಿ ಜೋಡಿಯಾಗಿರುವ ಎಳೆಗಳು ಆಗ ಸಮನಾಗಿ ಹರಡಿಕೊಳ್ಳುತ್ತವೆ, ನಿಜವಾದ ಬಟ್ಟೆ ಅಲ್ಲಿಂದ ಶುರು.

ಎಳೆ ಎತ್ತಲು ಮರದ ಸ್ಕೇಲ್. ಒಂದು ಬಿಟ್ಟು ಒಂದು ಎಳೆಯ ಕೆಳಗೆ ಅದನ್ನು ತೂರಿಸಿ ಅಡ್ಡ ನಿಲ್ಲಿಸಿದರೆ ಲಾಳಿ ಹೋಗಲು ದಾರಿಯಾಗುತ್ತೆ. ವಾಪಸ್ ಬರುವ ದಾರಿಗೆ ಉಳಿದ ಎಳೆಗಳಿಗೆಲ್ಲ ದಾರದ ಕುಣಿಕೆ ಹಾಕಿ ಒಂದು ಕೋಲಿಗೆ ಕಟ್ಟಿದೆವು. ಕುಣಿಕೆಗಳು ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಕೋಲು ಎತ್ತಿದಾಗ ಕೆಲವು ಎಳೆ ಏಳುತ್ತವೆ, ಕೆಲವು ಏಳುವುದಿಲ್ಲ. ಮೆಡಿಕಲ್ ಶಾಪಿನವಳು ಮಾತ್ರೆಯ ಖಾಲಿ ಡಬ್ಬ ತಂದಿದ್ದಳು, ಅದರ ಸುತ್ತ ಕಟ್ಟಿ ಕಟ್ಟಿ ತೆಗೆದು 36 ಕುಣಿಕೆಯನ್ನೂ ಒಂದೇ ಅಳತೆಗೆ ಮಾಡಿದಳು. ಸಾಲು ಒತ್ತಲು ಅಗಲ ಹಲ್ಲಿನ ಬಾಚಣಿಗೆ.

ಮೂವರಿಗೂ ಆದ ತೊಂದರೆ ಒಂದೇ: ಬಟ್ಟೆಯ ಸೊಂಟ ಸಣ್ಣಗಾಯಿತು. 12 ಇಂಚಿನಲ್ಲಿ ಶುರುವಾದದ್ದು ನಾಲ್ಕು ಇಂಚು ಮೇಲೇರುವಷ್ಟರಲ್ಲಿ 10ಕ್ಕೆ ಬಂತು. ಹೊಕ್ಕನ್ನು ನೆಟ್ಟಗೆ ಎಳೆದು ಒತ್ತಿದರೆ ಹೀಗಾಗುತ್ತೆ. ಆ ಎಳೆ ಒಂದೊಂದು ಹಾಸಿನ ಮೇಲೂ ಕೆಳಗೂ ಬಳಸಿ ಹೋಗಬೇಕು, ಅದಕ್ಕೆ ಅಗಲಕ್ಕಿಂತ ಹೆಚ್ಚು ಉದ್ದ ಬೇಕು. ಸಿಗದಿದ್ದರೆ ಅಂಚನ್ನು ಒಳಕ್ಕೆ ಎಳೆದುಕೊಳ್ಳುತ್ತೆ. "ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟ ಹೇಗೆ ಕಾಣುತ್ತೆ ನೋಡು, ಎಳೆಯನ್ನ ಹಾಗೆ ಬಿಡು" ಎಂದೆ. ಎರಡು ಕಡೆ ಇಳಿಜಾರು, ನಡುವೆ ಏರು. ಹಾಗೆ ಬಿಟ್ಟು ಬಾಚಣಿಗೆಯಲ್ಲಿ ಒತ್ತಿದರೆ ಬೆಟ್ಟದ ಎತ್ತರವೆಲ್ಲ ಸಾಲಿನೊಳಗೆ ಸೇರಿಕೊಳ್ಳುತ್ತೆ. ಗಣಿತದವಳಿಗೆ ತಕ್ಷಣ ಹಿಡಿಸಿತು. ಮಿಕ್ಕಿಬ್ಬರು ಒಂದಿಷ್ಟು ಬಿಚ್ಚಿ ಮತ್ತೆ ನೇಯ್ದರು.

ಕೈ ಆಡುತ್ತಿದ್ದಾಗ ಮಾತೂ ಆಡಿತು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೆ ಶಾಲೆಯಿಂದ ಕರೆದೊಯ್ದಿದ್ದನ್ನು ಮೆಡಿಕಲ್ ಶಾಪಿನವಳು ನೆನೆದಳು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು ಅದು. ಅವಳಿಗೆ ನೆನಪಿದ್ದದ್ದು ವಿದ್ಯುತ್ ಮಗ್ಗಗಳ ಕಿವಿಗಡಚಿಕ್ಕುವ ಸದ್ದು ಮಾತ್ರ. "ಆವತ್ತು ಸೀರೆ ನೋಡಿದ್ದೆ, ನೇಯೋದನ್ನ ನೋಡಿರಲಿಲ್ಲ" ಎಂದಳು. ಮಂಡ್ಯದವಳು ಕುರಿಯ ಮಾತು ತೆಗೆದಳು. ನಮ್ಮ ಸೀಮೆಯ ಕುರಿ ಅಂದರೆ ಬಂಡೂರು ಕುರಿ, ಮಳವಳ್ಳಿ ತಾಲ್ಲೂಕಿನ ಬಂಡೂರಿನದು. ಹೆಸರಾದದ್ದು ಮಾಂಸಕ್ಕೆ. ಅದರ ಮೈಮೇಲಿನದು ಒರಟು ಕೂದಲು, ಸ್ವೆಟರಿಗೆ ಆಗಿಬರುವಂಥದ್ದಲ್ಲ. ಕಂಬಳಿಯ ಉಣ್ಣೆ ಬರುವುದು ದಖ್ಖನಿ ಕುರಿಯಿಂದ, ಚಿತ್ರದುರ್ಗ, ಚಳ್ಳಕೆರೆಯ ಕಡೆಯಿಂದ. ಅವಳ ತಾತ ಮಳೆಯಲ್ಲಿ ಗದ್ದೆಗೆ ಹೋಗುವಾಗ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಕಂಬಳಿ ಇನ್ನೂ ಮನೆಯಲ್ಲಿದೆಯಂತೆ. ಮೂರನೇ ಭಾನುವಾರ ತಂದಳು. ಅಂಚು ಮುಟ್ಟಿ ನೋಡಿದೆವು. ನಮ್ಮ ಮೊಳೆ ಮಗ್ಗದ ಅಂಚಿಗೂ ಅದಕ್ಕೂ ಹೋಲಿಕೆಯಿಲ್ಲ. ಇಷ್ಟು ವರ್ಷ ಬಳಸಿದರೂ ಒಂದು ಎಳೆ ಹೊರಗೆ ಬಂದಿಲ್ಲ, ಅಳತೆ ಪಟ್ಟಿ ಇಟ್ಟರೆ ಎರಡು ತುದಿಯಲ್ಲೂ ಒಂದೇ ಅಗಲ. ಗುಂಡಿ ಮಗ್ಗದಲ್ಲಿ ಕೂತು ಅದನ್ನು ನೇಯ್ದ ಕೈ ಯಾರದೋ. ನಾಲ್ವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆ ಹೊತ್ತಿನಲ್ಲಿ ನನಗೆ ನನ್ನ ಎರಡು ವರ್ಷದ ಬಾಕಿಯೂ ನೆನಪಾಯಿತು. ಹೆಣಿಗೆಯಲ್ಲಿ ತಾಳ್ಮೆ ಬೇಡುವ ಕೆಲಸವೆಲ್ಲ ಕೊನೆಗೆ ಬರುತ್ತೆ, ಆದ್ದರಿಂದ ಮುಂದೂಡಲು ಸುಲಭ. ನೇಯ್ಗೆಯಲ್ಲಿ ಅದು ಮೊದಲೇ ಬರುತ್ತೆ. 72 ಎಳೆ ಎಣಿಸಿ, ಬಿಗಿದು, ಗಂಜಿ ಹಾಕಿ, ಕುಣಿಕೆ ಕಟ್ಟಿ ಮುಗಿಸುವವರೆಗೆ ಒಂದು ಸಾಲೂ ನೇಯಲಾಗುವುದಿಲ್ಲ. ಒಮ್ಮೆ ಹಾಸು ನಿಂತಿತೆಂದರೆ ಅಗಲವೂ ಉದ್ದವೂ ತೀರ್ಮಾನವಾದಂತೆ. ಅಪ್ಪನ ಎದೆ ಎರಡು ಇಂಚು ಇಳಿದಾಗ ಸ್ವೆಟರಿಗೆ ಹೊಂದಿಕೊಳ್ಳಲು ಜಾಗವಿತ್ತು, ಬಟ್ಟೆಗೆ ಇರುತ್ತಿರಲಿಲ್ಲ.

ಮೂರು ಭಾನುವಾರದಲ್ಲಿ ಆದದ್ದು: ಗಣಿತದವಳದು 12 ಇಂಚು ಅಗಲ, 15 ಇಂಚು ಉದ್ದದ ತುಂಡು, ಎರಡು ಬಣ್ಣದ ಚೌಕುಳಿ, ಮಡಿಸಿ ಹೊಲಿದರೆ ಚೀಲವಾಗುತ್ತೆ. ಮೆಡಿಕಲ್ ಶಾಪಿನವಳು ಕಾಫಿ ಲೋಟದ ಕೆಳಗಿಡಲು ಐದೈದು ಇಂಚಿನ ನಾಲ್ಕು ತುಂಡುಗಳನ್ನು ನೇಯ್ದಳು, ಒಂದೊಂದಕ್ಕೆ ಎರಡು ಗಂಟೆ ಹಿಡಿಯಿತು. ಮಗ್ಗದಿಂದ ಇಳಿಸುವ ಮೊದಲು ಕೊನೆಯ ಸಾಲಿನುದ್ದಕ್ಕೂ ಸೂಜಿಯಲ್ಲಿ ಎರಡೆರಡು ಹಾಸನ್ನು ಸೇರಿಸಿ ಬಿಗಿಹೊಲಿಗೆ ಹಾಕಿಸಿದೆ. ಇಳಿಸಿದ ಮೇಲೆ ಹಾಕಲು ಹೋದರೆ ಅಷ್ಟರಲ್ಲಿ ಸಾಲು ಜಾರಿರುತ್ತೆ. ಆಮೇಲೆ ಸ್ವೆಟರಿಗೆ ಮಾಡಿದಂತೆಯೇ ಅಂಟುವಾಳದ ನೀರು, ಟವೆಲ್, ಚಾಪೆ. ನೀರಿಗೆ ಬಿದ್ದ ಮೇಲೆ ಸಾಲುಗಳ ನಡುವಿನ ಕಿಂಡಿಗಳು ಮುಚ್ಚಿ ಅದು ಬಟ್ಟೆಯ ಹಾಗೆ ಕಾಣತೊಡಗಿತು.

ಮಂಡ್ಯದವಳದು ಇನ್ನೂ ಮಗ್ಗದ ಮೇಲಿದೆ. ಅಜ್ಜಿಯ ನೂಲಿನ ಹಾಸು, ಅಪ್ಪನ ಸ್ವೆಟರ್‌ನ ಉಳಿದ ಉಣ್ಣೆಯ ಹೊಕ್ಕು. ಚೌಕಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಬುಧವಾರ ಫೋನ್ ಮಾಡಿದಳು. ಹಾಸಿನ ಎಳೆಗೆ ಹಾಕಿದ ಅನ್ನದ ಗಂಜಿಗೆ ಇರುವೆ ಸಾಲು ಹಿಡಿದಿವೆ. ಎಳೆ ಕಡಿದಿಲ್ಲ, ಒರೆಸಿ ಮಂಚದ ಮೇಲೆ ಎತ್ತಿಟ್ಟಿದ್ದಾಳೆ. ಅವಳ ಸೋದರಮಾವ ನೋಡಿ, ಕಂಬಳಿಗೆ ಹಿಂದೆ ಹುಣಸೆ ಬೀಜದ ಗಂಜಿ ಹಾಕುತ್ತಿದ್ದರು, ನೀವು ಅನ್ನದ್ದು ಯಾಕೆ ಹಾಕಿದಿರಿ ಎಂದು ಕೇಳಿದರಂತೆ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಲ್ಲಿ ಕುದಿಸಬೇಕು. ಇನ್ನೊಂದು ಲಡಿ ಉಳಿದಿದೆ. ಅವಳು ಒಂದು ಸೇರು ಹುಣಸೆ ಬೀಜ ತರುತ್ತಾಳೆ, ಬೀಸುವ ಕಲ್ಲು ನಮ್ಮ ಹಿತ್ತಲಲ್ಲಿದೆ, ಅಪ್ಪ ಇವತ್ತು ಅದನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.